ನಿರ್ವಾಸನವೂ ಸಿಂಹಾಸನವೂ: ಆಫ್ರಿಕಾದ ರಾಜತ್ವವನ್ನು ಕುರಿತು

ಆಫ್ರಿಕಾ ಖಂಡದಲ್ಲಿ ಇಂದು ಸ್ವತಂತ್ರ ರಾಷ್ಟ್ರಕ್ಕೆ ಅರಸನೇ ಅಧಿಪತಿಯಾಗಿರುವುದು ಮೊರಾಕೊ, ಲೆಸೊಥೊ, ಎಸ್ವಾಟಿನಿ ಎಂಬ ಮೂರೆಡೆಗಳಲ್ಲಿ ಮಾತ್ರ. ಈಜಿಪ್ಟ್, ಟ್ಯುನೀಸಿಯ, ಬುರುಂಡಿ, ಲಿಬಿಯ, ಇಥಿಯೋಪಿಯಗಳ ಸಿಂಹಾಸನಗಳು 1953ರಿಂದ 1975ರೊಳಗೆ ಒಂದೊಂದಾಗಿ ಲಯಹೊಂದಿದುವು. ವಸಾಹತು ಪ್ರಭುತ್ವವು ದೇಶೀಯ ಅರಸರನ್ನು ನಿಸ್ತೇಜರನ್ನಾಗಿ ಮಾಡಿದುದೇ ಇದಕ್ಕೆ ಮೂಲವೆಂದು ಹೇಳುವುದುಂಟು. ಆದರೆ ಆ ಪ್ರಭುತ್ವವು ಯಾರನ್ನು ಬಲಾತ್ಕಾರದಿಂದ ದೇಶಭ್ರಷ್ಟರನ್ನಾಗಿಸಿತೋ ಅಂಥವರ ವೃತ್ತಾಂತದಲ್ಲಿ ಇದಕ್ಕೆ ವಿರುದ್ಧವಾದ ಸಾಕ್ಷ್ಯವೇ ದೊರೆಯುತ್ತದೆ.

1896ರಲ್ಲಿ ಬ್ರಿಟಿಷರು ಅಸಾಂಟೆ ರಾಜ್ಯದ ದೊರೆ ಮೊದಲನೆಯ ಪ್ರೆಂಪೆಯನ್ನು ರಾಜಧಾನಿ ಕುಮಾಸಿಯಿಂದ ಸೆರೆಯೊಯ್ದು, ಸಿಯೆರಾ ಲಿಯೋನಿನಲ್ಲಿಯೂ ಬಳಿಕ ಸೇಷೆಲ್ಸ್ ದ್ವೀಪದಲ್ಲಿಯೂ ಇರಿಸಿದರು. ಜನಾಂಗದ ಆತ್ಮವೇ ನೆಲಸಿರುವುದೆಂದು ನಂಬಲಾದ, ಸ್ವತಃ ಅರಸನೂ ಕುಳಿತುಕೊಳ್ಳದ ಸುವರ್ಣಪೀಠವನ್ನು ತಾನು ಕುಳಿತುಕೊಳ್ಳಲು ತಂದೊಪ್ಪಿಸಬೇಕೆಂದು 1900ರಲ್ಲಿ ಗವರ್ನರ್ ಹಾಡ್ಜ್‌ಸನ್ ಕೇಳಿದುದು, ಅವಿವೇಕಕ್ಕೆ ಅಧಿಕಾರವು ಕೂಡಿದರೆ ಏನಾಗುವುದೆಂಬುದಕ್ಕೆ ನಿದರ್ಶನ. ರಾಜಮಾತೆ ಯಾ ಅಸಾಂಟೆವಾಳ ನಾಯಕತ್ವದಲ್ಲಿ ಎದ್ದ ದಂಗೆಯನ್ನು ಬ್ರಿಟಿಷ್ ಸೈನ್ಯವು ಅಡಗಿಸಿತಾದರೂ ಪೀಠವು ಅದರ ಕೈಗೆ ಸಿಕ್ಕಲಿಲ್ಲ. 1924ರಲ್ಲಿ ಸಾಮಾನ್ಯ ಪ್ರಜೆಯಾಗಿ ಮರಳಿದ ಪ್ರೆಂಪೆ 1931ರಲ್ಲಿ ತೀರಿಕೊಂಡನು. ನಾಲ್ಕು ವರ್ಷಗಳ ತರುವಾಯ, ಅವನ ಉತ್ತರಾಧಿಕಾರಿಯ ಕಾಲದಲ್ಲಿ, ಅಸಾಂಟೆ ಒಕ್ಕೂಟವನ್ನು ಬ್ರಿಟಿಷರೇ ಪುನಃ ಸ್ಥಾಪಿಸಬೇಕಾಯಿತು. ಮೊರಾಕೊದಲ್ಲಿ ಫ್ರೆಂಚರು 1953ರಲ್ಲಿ ಕಾರ್ಸಿಕಾಕ್ಕೂ ಅಲ್ಲಿಂದ ಮಡಗಾಸ್ಕರಿಗೂ ಅಟ್ಟಿದ ಐದನೆಯ ಮಹಮ್ಮದನ ಮುಖವನ್ನು ಜನರು ಚಂದ್ರಬಿಂಬದಲ್ಲಿ ಕಂಡೆವೆಂದರಂತೆ! ಎರಡೇ ವರ್ಷಗಳಲ್ಲಿ ಅವನು ಸ್ವಾತಂತ್ರ್ಯದ ಮೂರ್ತಿಯಾಗಿ ಹಿಂದಿರುಗಿದನು.

ನಿರ್ವಾಸನದಿಂದ ಬಂದ ತೇಜಸ್ಸು ಶಾಶ್ವತವೆಂದು ಇದರಿಂದ ಊಹಿಸಲಾಗದು. ಇಟಲಿಯ ಆಕ್ರಮಣದಿಂದ 1936ರಲ್ಲಿ ದೇಶವನ್ನು ತೊರೆದು 1941ರಲ್ಲಿ ವಿಜಯಿಯಾಗಿ ಮರಳಿದ ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸ್ಸಿಯು, ವೊಲ್ಲೊ ಪ್ರಾಂತದ ಕ್ಷಾಮವನ್ನು ಸರ್ಕಾರವು ಮರೆಮಾಚಲೆತ್ನಿಸಿದ ಮೇಲೆ, 1974ರಲ್ಲಿ ತನ್ನ ಸೈನಿಕರಿಂದಲೇ ಪದಚ್ಯುತನಾದನು.

ಉಗಾಂಡದೊಳಗಿನ ಬುಗಾಂಡ ರಾಜ್ಯದ ಕಬಾಕ, ಎಂದರೆ ಅರಸ, ಎರಡನೆಯ ಮುಟೇಸನ ಬಾಳಿನಲ್ಲಂತೂ ಪರಕೀಯರಿಂದಾದುದು, ಸ್ವದೇಶೀಯರಿಂದಾದುದು ಎಂಬ ಎರಡು ವಿಧದ ನಿರ್ವಾಸನಗಳೂ ಕೂಡಿಬಂದುವು. 1953ರಲ್ಲಿ ಬ್ರಿಟಿಷ್ ಗವರ್ನರ್ ಕೋಹೆನ್ ಅವನನ್ನು ಲಂಡನ್ನಿಗೆ ಕಳುಹಿಸಿದಾಗ ಬುಗಾಂಡವು ಏಕಕಂಠವಾಗಿ ಪ್ರತಿಭಟಿಸಿ 1955ರಲ್ಲಿ ಅವನನ್ನು ಮರಳಿ ಪಡೆಯಿತು; 1963ರಲ್ಲಿ ಅವನು ಉಗಾಂಡದ ಅಧ್ಯಕ್ಷನೂ ಆದನು. ಆದರೆ 1966ರಲ್ಲಿ ಸ್ವದೇಶದ ಪ್ರಧಾನಿಯಾಗಿದ್ದು ಆಗಷ್ಟೇ ಅಧ್ಯಕ್ಷಪದವನ್ನು ವಶಪಡಿಸಿಕೊಂಡಿದ್ದ ಒಬೋಟೆಯ ಸೈನ್ಯವೇ ಅರಮನೆಗೆ ನುಗ್ಗಿದಾಗ, ಪ್ರಜೆಗಳ ಭಕ್ತಿಯು ಕೋವಿಗೆ ಇದಿರಾಗಿ ನಿಲ್ಲಲಾರದೆಹೋಯಿತು. ದೇಶಬಿಟ್ಟು ಹೋದ ಮುಟೇಸನು 1969ರಲ್ಲಿ ಲಂಡನ್ನಿನಲ್ಲಿ ಮೃತನಾಗಲು, ಪಾರ್ಥಿವ ಶರೀರವು 1971ರಲ್ಲಿ ಕಸುಬಿಯ ರಾಜಸಮಾಧಿಗೆ ಬಂದಿತು. 1993ರಲ್ಲಿ ನಗ್ಗಲಾಬಿಯಲ್ಲಿ ಅವನ ಮಗ ಮುಟೇಬಿಗೆ ಪಟ್ಟಾಭಿಷೇಕವಾಯಿತಾದರೂ, ಸಾಂಪ್ರದಾಯಿಕ ಅರಸರು ಪಕ್ಷರಾಜಕೀಯದಲ್ಲಿ ತೊಡಗಕೂಡದೆಂದು 1995ರ ಉಗಾಂಡ ಸಂವಿಧಾನವು ವಿಧಿಸಿತು.