ಮನ್ರೋ ಸಾಹೇಬನ ವಂಶಾವಳಿ ಮತ್ತು ನಮ್ಮದು

ನಾವು ಚಿಕ್ಕವರಿದ್ದಾಗ ಸುಗ್ಗಿ ಮುಗಿದ ಮೇಲೆ ಊರಿಗೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕುಳಿತು ಬಂದು, ಮನೆ ಮುಂದೆ ನಿಂತು, ನಮ್ಮ ಮುತ್ತ್ಯಾ, ಅವರ ಮುತ್ತ್ಯಾ, ಮೂಲ ಊರು, ಬೆಡಗು ಎಲ್ಲವನ್ನೂ ಒಂದೇ ಉಸುರಿನಲ್ಲಿ ಹೇಳುತ್ತಿದ್ದರು. ಅವ್ವ ಬುಟ್ಟಿಯಲ್ಲಿ ಜೋಳ ತಂದು ಹಾಕುತ್ತಿದ್ದಳು. ಈಗ ಅವರು ಬರುವುದೇ ಅಪರೂಪ.

ಮೊನ್ನೆ ಶಾಲೆಯಲ್ಲಿ ಮಕ್ಕಳಿಗೆ ತಮ್ಮ ವಂಶವೃಕ್ಷ ಬರೆದುಕೊಂಡು ಬರಲು ಹೇಳಿದೆವು. ಹೆಚ್ಚಿನವರದು ಮುತ್ತ್ಯಾನ ಹೆಸರಿಗೇ ನಿಂತಿತು. ಅದೇ ಹೊತ್ತಿಗೆ ನಾವು ಸೊಲ್ಲಾಪುರ ಕೋಟೆಯ ಪಾಠಕ್ಕಾಗಿ ಒಬ್ಬ ಪರದೇಶಿಯ ಮನೆತನ ಹುಡುಕುತ್ತಿದ್ದೆವು. ಅವನೇ ಸರ್ ಥಾಮಸ್ ಮನ್ರೋ.

ಮನ್ರೋ ಸ್ಕಾಟ್ಲೆಂಡಿನವನು. 1761ರ ಮೇ 27ರಂದು ಗ್ಲಾಸ್ಗೋದಲ್ಲಿ ಹುಟ್ಟಿದ. ಅಜ್ಜ ದರ್ಜಿ. ಅಮೆರಿಕದ ತಂಬಾಕಿನಲ್ಲಿ ಹಣ ಹಾಕಿ ಮೇಲೆ ಬಂದವನು. ತಂದೆ ಅಲೆಕ್ಸಾಂಡರ್ ವ್ಯಾಪಾರಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದಿಂದ ಆ ವ್ಯಾಪಾರ ಮುಳುಗಿತು. ಮಗ ಕಂಪನಿ ಸೈನ್ಯ ಸೇರಿ 1780ರಲ್ಲಿ ಮದರಾಸಿಗೆ ಬಂದ. ಮುಂದೆ ಕೆನರಾ, ಬಳ್ಳಾರಿ ಸೀಮೆಗಳ ಆಡಳಿತ ನೋಡಿ ರೈತವಾರಿ ಪದ್ಧತಿಯನ್ನು ಬೆಳೆಸಿದ. 1818ರಲ್ಲಿ ಬಾದಾಮಿ ಗೆದ್ದು, ಮೇ ತಿಂಗಳಲ್ಲಿ ಪೇಶ್ವೆಯ ಸೈನ್ಯವನ್ನು ಸೋಲಿಸಿ ನಮ್ಮ ಸೊಲ್ಲಾಪುರ ಕೋಟೆ ಹಿಡಿದವನು ಇವನೇ. 1820ರಲ್ಲಿ ಮದರಾಸಿನ ಗವರ್ನರ್ ಆದ. 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ.

ಈ ಬಳ್ಳಿಯ ಒಂದು ಕುಡಿ ನಮ್ಮ ನಾಡಿನಲ್ಲೇ ಮುರಿಯಿತು. ಮನ್ರೋನ ಸೋದರನ ಮಗನೊಬ್ಬ ಸೊಲ್ಲಾಪುರದ ಸಬ್ ಕಲೆಕ್ಟರ್ ಆಗಿದ್ದ. 1824ರ ಡಿಸೆಂಬರಿನಲ್ಲಿ ರಾಣಿ ಚೆನ್ನಮ್ಮನ ಕಿತ್ತೂರಿನ ಮೇಲೆ ಎರಡನೆಯ ಸಲ ದಂಡು ಹೋದಾಗ ಅಲ್ಲಿ ಪ್ರಾಣ ಬಿಟ್ಟ.

ಇನ್ನೊಂದು ಕುಡಿ ಬೇರೆ ಕಡೆ ಹಬ್ಬಿತು. ಮನ್ರೋಗೆ ಥಾಮಸ್, ಕ್ಯಾಂಪ್‌ಬೆಲ್ ಎಂದು ಇಬ್ಬರು ಗಂಡುಮಕ್ಕಳು. ಕ್ಯಾಂಪ್‌ಬೆಲ್ಲನ ಮಗ ಹ್ಯೂ ಮನ್ರೋ (1856–1919) ಬೆಟ್ಟ ಹತ್ತುವ ಹುಚ್ಚಿನವನು. 3000 ಅಡಿಗಿಂತ ಎತ್ತರದ ಸ್ಕಾಟ್ಲೆಂಡಿನ ಬೆಟ್ಟಗಳನ್ನೆಲ್ಲ ಲೆಕ್ಕ ಹಾಕಿ 1891ರಲ್ಲಿ ಪಟ್ಟಿ ಪ್ರಕಟಿಸಿದ. ಇಂದಿಗೂ ಅಲ್ಲಿಯ ಜನ ಅಂಥ ಬೆಟ್ಟವನ್ನು ‘ಮನ್ರೋ’ ಎಂದೇ ಕರೆಯುತ್ತಾರೆ. ಸೊಲ್ಲಾಪುರ ಕೋಟೆ ಹಿಡಿದವನ ಮೊಮ್ಮಗ ಈತ ಎಂದಾಗ ಮಕ್ಕಳು ಬೆರಗಾದರು!

ಮೂರನೆಯ ಕುಡಿ ರಕ್ತಸಂಬಂಧದ್ದಲ್ಲ. ಬಳ್ಳಾರಿ, ಅನಂತಪುರ, ಕಡಪ ಸೀಮೆಯ ರೈತರು ಅವನ ಮೇಲಿನ ಅಭಿಮಾನದಿಂದ ಮಕ್ಕಳಿಗೆ ‘ಮನ್ರೋಲಪ್ಪ’ ಎಂದು ಹೆಸರಿಟ್ಟರು.

ದರ್ಜಿಯ ಮನೆಯಿಂದ ಇಲ್ಲಿಯವರೆಗೆ ಇಷ್ಟೆಲ್ಲ ನಮಗೆ ಸಿಕ್ಕದ್ದು ಹೇಗೆ? ಚರ್ಚಿನ ದಾಖಲೆ, ಕಂಪನಿಯ ಕಾಗದ, ಪತ್ರ, ಗೋರಿಯ ಕಲ್ಲು ಎಲ್ಲವೂ ಇದ್ದವು. ಅದೇ 1818ರಲ್ಲಿ ಸೊಲ್ಲಾಪುರದಲ್ಲಿ ಎರಡೂ ಕಡೆ ಸತ್ತ ಸಾಮಾನ್ಯ ಸಿಪಾಯಿಗಳ ಮಕ್ಕಳು ಮೊಮ್ಮಕ್ಕಳು ಯಾರು? ಅವರು ನಮ್ಮ ನಿಮ್ಮ ಮನೆಯವರೂ ಇರಬಹುದು. ಬಡವನ ವಂಶಾವಳಿ ಹೆಳವನ ಬಾಯಲ್ಲಿತ್ತು. ಹೆಳವನ ಮಗ ಈಗ ಬೇರೆ ಉದ್ಯೋಗ ಹಿಡಿದಿದ್ದಾನೆ, ಅದು ತಪ್ಪೂ ಅಲ್ಲ. ಆದರೆ ಅವನ ಅಪ್ಪನ ಜೊತೆಗೆ ನಮ್ಮ ಹಿರಿಯರ ಹೆಸರುಗಳೂ ಮಣ್ಣಾಗುತ್ತವೆ.

ಅದಕ್ಕೆ ಮಕ್ಕಳಿಗೆ ಇಷ್ಟೇ ಹೇಳಿದೆವು: ಮನೆಯಲ್ಲಿ ಆಯಿ, ಮುತ್ತ್ಯಾ ಇರುವಾಗಲೇ ಕೇಳಿ ಬರೆದುಕೊಳ್ಳಿ. ತಾಯಿಯ ಕಡೆಯದನ್ನೂ ಬಿಡಬೇಡಿ. ಹೆಳವರು ಬಂದರೆ ಜೋಳ ಹಾಕಿ ಕಳಿಸಿಬಿಡಬೇಡಿ, ವಹಿ ಹಿಡಿದು ಅವರ ಹತ್ತಿರ ಕೂಡ್ರಿ.