ಚುನಾವಣಾ ನಿಧಿಯ ಗೋಪ್ಯತೆ

ರಾಜಕೀಯ ಪಕ್ಷಗಳಿಗೂ ಅಭ್ಯರ್ಥಿಗಳಿಗೂ ಒದಗುವ ಧನದ ಮೂಲವು ಮತದಾರನಿಗೆ ಅಗೋಚರವಾಗಿರುವ ಸ್ಥಿತಿ. ಇದರ ವಿರುದ್ಧ ಭಾರತದಲ್ಲಿ ನಡೆದುಬಂದ ಹೋರಾಟಕ್ಕೆ ಎರಡು ಮುಖಗಳುಂಟು: ಅಭ್ಯರ್ಥಿಯ ಆಸ್ತಿಪಾಸ್ತಿಯ ಬಹಿರಂಗ ಘೋಷಣೆ ಒಂದು, ಪಕ್ಷದ ಬೊಕ್ಕಸಕ್ಕೆ ಸೇರುವ ದೇಣಿಗೆಯ ಪ್ರಕಟಣೆ ಇನ್ನೊಂದು. ಮೊದಲನೆಯದು ಬಹುಮಟ್ಟಿಗೆ ಕೈಗೂಡಿದೆ, ಎರಡನೆಯದು ಅರ್ಧದಾರಿಯಲ್ಲಿದೆ.

ಅಹಮದಾಬಾದಿನ ಐಐಎಂ ಸಂಸ್ಥೆಯ ಕೆಲವು ಅಧ್ಯಾಪಕರು (ಅವರಲ್ಲಿ ಒಬ್ಬರಾದ ತ್ರಿಲೋಚನ ಶಾಸ್ತ್ರಿಗಳು ತರುವಾಯ ಬೆಂಗಳೂರಿನ ಐಐಎಂನಲ್ಲಿ ಪ್ರಾಧ್ಯಾಪಕರಾದರು) 1999ರಲ್ಲಿ ಸ್ಥಾಪಿಸಿದ ‘ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್’ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಅಭ್ಯರ್ಥಿಯ ಆಸ್ತಿ, ಸಾಲ, ವಿದ್ಯಾರ್ಹತೆ, ಅಪರಾಧ ಹಿನ್ನೆಲೆಗಳನ್ನು ಅರಿಯುವುದು ಮತದಾರನ ಹಕ್ಕೆಂಬ 2002ರ ಮೇ 2ರ ತೀರ್ಪಿನಲ್ಲಿ ಫಲಿಸಿತು. ಅದನ್ನು ನಿಷ್ಫಲಗೊಳಿಸಲು ಸಂಸತ್ತು ತಂದ ತಿದ್ದುಪಡಿಯು 2003ರ ಮಾರ್ಚ್ 13ರಂದು ಅಸಿಂಧುವಾಯಿತು.

ಪಶ್ಚಿಮ ಬೆಂಗಳೂರಿನ ಮೂಡಲಪಾಳ್ಯವು ಸೇರಿರುವ ಗೋವಿಂದರಾಜನಗರ ಕ್ಷೇತ್ರವು ಈ ತೀರ್ಪಿನ ಪ್ರಯೋಜನಕ್ಕೆ ಉತ್ತಮ ನಿದರ್ಶನ. 2023ರಲ್ಲಿ ಅಲ್ಲಿಂದ ಚುನಾಯಿತರಾದ ಪ್ರಿಯಕೃಷ್ಣ ಅವರು ನಾಮಪತ್ರದೊಡನೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ ಸುಮಾರು 1,156 ಕೋಟಿ ರೂಪಾಯಿಗಳ ಆಸ್ತಿಯನ್ನೂ ಸುಮಾರು 881 ಕೋಟಿ ರೂಪಾಯಿಗಳ ಸಾಲವನ್ನೂ ನಮೂದಿಸಿದ್ದಾರೆ. ಕೈಯಲ್ಲಿರುವ ನಗದು, ಬ್ಯಾಂಕಿನ ಠೇವಣಿ, ವಾಹನ, ಒಡವೆ, ಜಮೀನು, ಬಾಕಿ ಸಾಲ, ಹೀಗೆ ಸ್ವಂತದ್ದನ್ನೂ ಪತಿ ಅಥವಾ ಪತ್ನಿಯದನ್ನೂ ಅವಲಂಬಿತರದನ್ನೂ ಬೇರೆ ಬೇರೆ ಅಂಕಣಗಳಲ್ಲಿ ಬರೆಯಿಸಿಕೊಳ್ಳುವ ಆ 26ನೆಯ ನಮೂನೆಯನ್ನು ಮೂಡಲಪಾಳ್ಯದ ಯಾವ ಮತದಾರನಾದರೂ ಓದಬಹುದು. ಆದರೆ ಅದೇ ಅಭ್ಯರ್ಥಿಗಳನ್ನು ಕಣಕ್ಕಿಳಿಸಿದ ಪಕ್ಷಗಳಿಗೆ ಕೋಟಿಗಟ್ಟಲೆ ಕೊಟ್ಟವರು ಯಾರೆಂಬುದು ಅವನಿಗೆ ತಿಳಿಯುವಂತಿರಲಿಲ್ಲ.

ಈ ಕತ್ತಲೆ ಹೊಸದಲ್ಲ. ಕಂಪನಿಗಳು ಪಕ್ಷಗಳಿಗೆ ಹಣ ನೀಡುವುದರ ಅಪಾಯವನ್ನು ಮುಂಬಯಿಯ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರು 1957ರಷ್ಟು ಹಿಂದೆಯೇ ಎತ್ತಿ ತೋರಿದ್ದರು. 1969ರಲ್ಲಿ ಅಂಥ ದೇಣಿಗೆ ನಿಷಿದ್ಧವಾಗಿ, 1985ರಲ್ಲಿ ಪುನಃ ಅನುಮತವಾಯಿತು; 2013ರ ಕಂಪನಿ ಕಾಯಿದೆ ಅದನ್ನು ಸರಾಸರಿ ಲಾಭದ ಶೇ. 7.5ಕ್ಕೆ ಮಿತಗೊಳಿಸಿತು. 2017ರ ಹಣಕಾಸು ಕಾಯಿದೆಯು ಆ ಮಿತಿಯನ್ನೂ ತೆಗೆದುಹಾಕಿ ಚುನಾವಣಾ ಬಾಂಡ್‌ಗೆ ದಾರಿ ಮಾಡಿತು. ಭಾರತೀಯ ಸ್ಟೇಟ್ ಬ್ಯಾಂಕಿನ ಗೊತ್ತಾದ ಶಾಖೆಗಳಲ್ಲಿ ಮಾತ್ರ ದೊರೆಯುತ್ತಿದ್ದ, ಸಾವಿರ ರೂಪಾಯಿಯಿಂದ ಕೋಟಿ ರೂಪಾಯಿಯವರೆಗಿನ ಬೆಲೆಯ ಈ ಪತ್ರದ ಮೇಲೆ ಕೊಟ್ಟವನ ಹೆಸರಾಗಲಿ ಪಡೆದ ಪಕ್ಷದ ಹೆಸರಾಗಲಿ ಇರುತ್ತಿರಲಿಲ್ಲ. ಆದರೂ 2018ರಲ್ಲಿ ಪತ್ರಕರ್ತೆ ಪೂನಂ ಅಗರ್ವಾಲ್ ಅವರು ಸಾವಿರ ರೂಪಾಯಿಯ ಬಾಂಡ್‌ಗಳನ್ನು ಕೊಂಡು ಪರೀಕ್ಷಿಸಿದಾಗ, ಬರಿಗಣ್ಣಿಗೆ ಕಾಣದ ಅಕ್ಷರ ಮತ್ತು ಅಂಕಿಗಳ ಸಂಖ್ಯೆಯೊಂದು ನೇರಳಾತೀತ ಬೆಳಕಿನಲ್ಲಿ ಮೂಡಿತು. ಗೋಪ್ಯವೆಂಬುದು ಪ್ರಜೆಗಳ ಪಾಲಿಗೆ ಮಾತ್ರವೆಂದು ಇದರಿಂದ ಸಿದ್ಧಪಟ್ಟಿತೆನ್ನಬೇಕು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳಲ್ಲಿ ಮಾರಾಟವೆಂದು ನಿಯಮವಿದ್ದರೂ, ಮೇ 12ರ ಕರ್ನಾಟಕ ವಿಧಾನಸಭಾ ಮತದಾನಕ್ಕೆ ಮುನ್ನ, 2018ರ ಮೇ 1ರಿಂದ 10ರವರೆಗೆ, ವಿಶೇಷ ಮಾರಾಟವೂ ನಡೆಯಿತು.

2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಈ ಯೋಜನೆ ಸಂವಿಧಾನದ 19(1)(ಎ) ವಿಧಿಗೆ ವಿರುದ್ಧವೆಂದು ಒಮ್ಮತದಿಂದ ರದ್ದುಗೊಳಿಸಿತು. ಬಾಂಡ್‌ಗಳ ವಿವರ ಒಪ್ಪಿಸಲು ಜೂನ್ 30ರವರೆಗೆ ಅವಕಾಶ ಬೇಡಿದ ಬ್ಯಾಂಕಿಗೆ ನ್ಯಾಯಾಲಯ ಕೊಟ್ಟದ್ದು ಒಂದೇ ದಿನ. ಮಾರ್ಚ್ 21ರೊಳಗೆ ಗುಪ್ತ ಸಂಖ್ಯೆಗಳೂ ಹೊರಬಿದ್ದು ಕೊಟ್ಟವರಿಗೂ ಪಡೆದವರಿಗೂ ತಾಳೆ ಸಿಕ್ಕಿತು. ಕರ್ನಾಟಕದ ಜಾತ್ಯತೀತ ಜನತಾದಳವು ತಾನು ಪಡೆದ 89.75 ಕೋಟಿ ರೂಪಾಯಿಗಳಿಗೆ ದಾನಿಗಳ ಹೆಸರನ್ನೂ ಚುನಾವಣಾ ಆಯೋಗಕ್ಕೆ ಒಪ್ಪಿಸಿತ್ತು. ಅದರಲ್ಲಿ 50 ಕೋಟಿ ಮೇಘಾ ಎಂಜಿನಿಯರಿಂಗ್ ಕಂಪನಿಯದು. ದೊಡ್ಡ ಪಕ್ಷಗಳು ಇಷ್ಟು ಬಾಯಿ ಬಿಡಲಿಲ್ಲ.

ಬೆದರಿಕೆಯಿಂದ ಬಾಂಡ್ ಕೊಳ್ಳಿಸಲಾಯಿತೆಂದು ಜನಾಧಿಕಾರ ಸಂಘರ್ಷ ಪರಿಷತ್ತು ನೀಡಿದ ದೂರಿನ ಮೇಲೆ 2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ತಿಲಕನಗರ ಠಾಣೆಯಲ್ಲಿ ದಾಖಲಾದ ಮೊಕದ್ದಮೆಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು ಡಿಸೆಂಬರ್ 3ರಂದು ರದ್ದುಪಡಿಸಿತು.

ಬಾಂಡ್ ಹೋದರೂ 20,000 ರೂಪಾಯಿ ಮೀರದ ದೇಣಿಗೆಯನ್ನು ಕೊಟ್ಟವರ ಹೆಸರನ್ನು ಪಕ್ಷವು ಆಯೋಗಕ್ಕೆ ತಿಳಿಸಬೇಕಾಗಿಲ್ಲ. ವಿಧಾನಸಭಾ ಅಭ್ಯರ್ಥಿಯ ವೆಚ್ಚಕ್ಕೆ ಕರ್ನಾಟಕದಲ್ಲಿ 40 ಲಕ್ಷ ರೂಪಾಯಿಗಳ ಮಿತಿಯುಂಟು; ಪಕ್ಷದ ವೆಚ್ಚಕ್ಕೆ ಯಾವ ಮಿತಿಯೂ ಇಲ್ಲ.