ನಕ್ಷೆಯಲ್ಲಿದ್ದ ಉದ್ಯಾನ

ನೋಯಿಡಾದ 93ಎ ಸೆಕ್ಟರಿನ ಜೋಡಿ ಗೋಪುರಗಳು 2022ರ ಆಗಸ್ಟ್ 28ರ ಮಧ್ಯಾಹ್ನ ಎರಡೂವರೆಗೆ ಸಿಡಿಮದ್ದಿಗೆ ಉರುಳಿದ್ದನ್ನು ವಾಚಕರೆಲ್ಲ ಟೀವಿಯಲ್ಲಿ ಕಂಡಿರಬೇಕು. ಹತ್ತು ಹನ್ನೆರಡು ಸೆಕೆಂಡಿನ ಆ ದೃಶ್ಯವನ್ನು ದೇಶವೇ ಬೆರಗಿನಿಂದ ನೋಡಿತು. ಆದರೆ ಅದರ ಹಿಂದೆ ಹದಿಮೂರು ವರ್ಷಗಳ ಒಂದು ಇತಿಹಾಸವಿದೆ. ಅದನ್ನು ಕೆದಕುತ್ತ ಹೋದರೆ ಅದರ ಬೇರೊಂದು ನಮ್ಮ ಉಡುಪಿಯವರೆಗೂ ಹೋಗುತ್ತದೆ. ಈ ಲೇಖನ ಬರೆಯಲು ಮುಖ್ಯವಾಗಿ ಅದೇ ಕಾರಣ.

ದಿಲ್ಲಿಯಲ್ಲಿರುವ ನಮ್ಮಂಥ ಕೇಂದ್ರ ಸರಕಾರಿ ನೌಕರರ ಬಾಳಿನಲ್ಲಿ ಮನೆ ಎಂಬುದಕ್ಕೆ ಎರಡು ಘಟ್ಟಗಳು. ನೌಕರಿ ಇರುವ ತನಕ ಸರಕಾರಿ ಕ್ವಾರ್ಟರ್ಸು. ನಿವೃತ್ತಿ ಹತ್ತಿರವಾದಂತೆ ಯಮುನೆಯ ಆಚೆಗೋ ದ್ವಾರಕೆಯ ಕಡೆಗೋ ಸಾಲ ಮಾಡಿ ಕೊಂಡ ಒಂದು ಫ್ಲಾಟು. ಮೊದಲನೆಯದರಲ್ಲಿ ನಮಗೆ ಮಾತಾಡುವ ಹಕ್ಕೇ ಇಲ್ಲ. 2016ರ ಜುಲೈನಲ್ಲಿ ಕೇಂದ್ರ ಸಂಪುಟವು ಸರೋಜಿನಿ ನಗರ, ನೇತಾಜಿ ನಗರ, ನವರೋಜಿ ನಗರ ಮೊದಲಾದ ಏಳು ಕಾಲೊನಿಗಳ ಸುಮಾರು 12,970 ಹಳೆಯ ಮನೆಗಳನ್ನು ಕೆಡವಿ, ಆ ಜಾಗದಲ್ಲಿ 25,000ಕ್ಕೂ ಹೆಚ್ಚು ಮನೆಗಳ ಬಹುಮಹಡಿ ಕಟ್ಟಡಗಳನ್ನು ಎಬ್ಬಿಸಲು ಒಪ್ಪಿಗೆ ಕೊಟ್ಟಿತು. ಅಲ್ಲಿ ವಾಸವಾಗಿದ್ದವರ ಕೈಗೆ ಬಂದದ್ದು ಮನೆ ಖಾಲಿ ಮಾಡುವ ಆದೇಶ, ಅಷ್ಟೆ. 2018ರ ಜೂನಿನಲ್ಲಿ ಮರ ಕಡಿಯಲು ಹೊರಟಾಗ ಅಕ್ಕಪಕ್ಕದ ಬಡಾವಣೆಗಳ ಜನ ಬಂದು ಮರಗಳನ್ನು ತಬ್ಬಿಕೊಂಡು ನಿಂತರು. ದಿಲ್ಲಿ ಹೈಕೋರ್ಟು ಆಗ ಕಡಿತಕ್ಕೆ ತಡೆ ಹಾಕಿತು. ಮನೆ ಸರಕಾರದ್ದು, ಸರಕಾರ ಏನು ಬೇಕಾದರೂ ಮಾಡಲಿ ಎಂದು ಕ್ವಾರ್ಟರ್ಸಿನವರು ಸುಮ್ಮನಾಗಬಹುದು. ದುಡ್ಡು ಕೊಟ್ಟು ಕೊಂಡವರ ಕಥೆ ಹಾಗಲ್ಲವಲ್ಲ! ನೋಯಿಡಾದ ಕಥೆ ಅಂಥವರದು.

2004ರ ನವೆಂಬರಿನಲ್ಲಿ ನೋಯಿಡಾ ಪ್ರಾಧಿಕಾರವು ಸೂಪರ್‌ಟೆಕ್ ಎಂಬ ಕಂಪನಿಗೆ ಸುಮಾರು 48,000 ಚದರ ಮೀಟರು, ಅಂದರೆ ಹತ್ತಿರ ಹತ್ತಿರ ಹನ್ನೆರಡು ಎಕರೆ ಜಾಗವನ್ನು ಹಂಚಿಕೆ ಮಾಡಿತು. 2005ರ ಜೂನಿನಲ್ಲಿ ಮಂಜೂರಾದ ಮೊದಲ ನಕ್ಷೆಯಲ್ಲಿ ಹದಿನಾಲ್ಕು ಕಟ್ಟಡಗಳಿದ್ದವು. ಪ್ರತಿಯೊಂದೂ ನೆಲಮಾಳಿಗೆಯಲ್ಲದೆ ನೆಲ ಅಂತಸ್ತು ಹಾಗೂ ಮೇಲೆ ಒಂಬತ್ತು ಮಹಡಿ. ಮರುವರ್ಷ ಇನ್ನಷ್ಟು ನೆಲ ಸಿಕ್ಕಿತು. 2006ರ ಡಿಸೆಂಬರಿನಲ್ಲಿ ನಕ್ಷೆ ಮೊದಲ ಸಲ ತಿದ್ದುಪಡಿಯಾಗಿ ಮಹಡಿಗಳು ಹನ್ನೊಂದಾದವು. ಈ ತಿದ್ದಿದ ನಕ್ಷೆಯಲ್ಲಿ ಟಿ-1 ಎಂಬ ಕಟ್ಟಡದ ಪಕ್ಕಕ್ಕೆ ಹಸಿರು ಜಾಗವೊಂದನ್ನು ತೋರಿಸಲಾಗಿತ್ತು. ಗಿರಾಕಿಗಳಿಗೆ ಹಂಚಿದ ಬಣ್ಣದ ಪುಸ್ತಿಕೆಯಲ್ಲೂ ಆ ಹಸಿರು ಇತ್ತು. ಎಮರಾಲ್ಡ್ ಕೋರ್ಟ್ ಎಂಬ ಆ ಸಂಕೀರ್ಣದಲ್ಲಿ ಆರುನೂರಕ್ಕೂ ಮಿಕ್ಕಿ ಸಂಸಾರಗಳು ಮನೆ ಕೊಂಡವು. ಕೊಳ್ಳುವಾಗ ಅವರು ಎಣಿಸಿದ್ದು ನಾಲ್ಕು ಗೋಡೆಗಳನ್ನು ಮಾತ್ರವಲ್ಲ. ಕಿಟಕಿಯಾಚೆಯ ಆ ಉದ್ಯಾನವನ್ನೂ ಸೇರಿಸಿಯೇ ಎಣಿಸಿದ್ದರು.

2009ರ ನವೆಂಬರ್ 26ರಂದು ನಕ್ಷೆ ಎರಡನೆಯ ಸಲ ಬದಲಾಯಿತು. ಉದ್ಯಾನವಿರಬೇಕಾಗಿದ್ದ ಕಡೆ ಟಿ-16, ಟಿ-17 ಎಂಬ ಎರಡು ಗೋಪುರಗಳು ಕಾಣಿಸಿಕೊಂಡವು. ಇಪ್ಪತ್ತನಾಲ್ಕು ಮಹಡಿ, 73 ಮೀಟರು ಎತ್ತರ. ಹೆಚ್ಚುಕಡಿಮೆ ಕುತುಬ್ ಮಿನಾರಿನಷ್ಟು ಎಂದರೆ ದಿಲ್ಲಿಯವರಿಗೆ ಸುಲಭವಾಗಿ ತಿಳಿದೀತು. ಅಷ್ಟಕ್ಕೇ ನಿಲ್ಲಲಿಲ್ಲ. 2012ರ ಮಾರ್ಚಿನಲ್ಲಿ ಮೂರನೆಯ ತಿದ್ದುಪಡಿಯಾಗಿ ಮಹಡಿಗಳು ನಲವತ್ತಕ್ಕೆ, ಎತ್ತರ 121 ಮೀಟರಿಗೆ ಏರಿದವು. ಒಟ್ಟು 915 ಫ್ಲಾಟು, 21 ಅಂಗಡಿ. ಟಿ-17ಕ್ಕೂ ಜನ ವಾಸವಾಗಿದ್ದ ಟಿ-1ಕ್ಕೂ ನಡುವೆ ಬಿಟ್ಟ ಜಾಗ 9 ಮೀಟರು. ಮೂವತ್ತು ಅಡಿಗೂ ಒಂದಿಷ್ಟು ಕಡಿಮೆ.

ಪ್ರಾಧಿಕಾರದ ಸ್ವಂತ ನಿಯಮವೇ ಬೇರೆ ಹೇಳುತ್ತಿತ್ತು. ಕಟ್ಟಡ 18 ಮೀಟರು ಎತ್ತರವಿದ್ದರೆ ಪಕ್ಕದ ಕಟ್ಟಡದಿಂದ 6 ಮೀಟರು ದೂರವಿರಬೇಕು. ಆಮೇಲೆ ಎತ್ತರ ಮೂರು ಮೀಟರು ಹೆಚ್ಚಿದಂತೆಲ್ಲ ದೂರ ಒಂದೊಂದು ಮೀಟರು ಹೆಚ್ಚಬೇಕು. ಗರಿಷ್ಠ ಮಿತಿ 16. ವಾಚಕರು ತಾವೇ ಲೆಕ್ಕ ಹಾಕಿ ನೋಡಬಹುದು. 73 ಮೀಟರಿನ ಕಟ್ಟಡಕ್ಕೆ 24 ಮೀಟರು ಬರುತ್ತದೆ, ಮಿತಿಯಿಂದಾಗಿ ಅದು 16ಕ್ಕೆ ಇಳಿಯುತ್ತದೆ. ಹೇಗೆ ಕೂಡಿ ಕಳೆದರೂ 9 ಬರುವುದಿಲ್ಲ. ಗಾಳಿ ಬೆಳಕುಗಳ ಮಾತು ಹಾಗಿರಲಿ, ಬೆಂಕಿ ಬಿದ್ದರೆ ಅಗ್ನಿಶಾಮಕ ದಳದ ಬಂಡಿ ತಿರುಗಲು ಜಾಗ ಬೇಕು ಎಂಬುದಕ್ಕಾಗಿಯೇ ಇಂಥ ನಿಯಮ ಇರುವುದು.

ನಿವಾಸಿಗಳು ಕಂಪನಿಯನ್ನು ಕೇಳಿದರು, ಪ್ರಾಧಿಕಾರಕ್ಕೆ ಅರ್ಜಿಯ ಮೇಲೆ ಅರ್ಜಿ ಕೊಟ್ಟರು. ಮಂಜೂರಾದ ನಕ್ಷೆಯ ಪ್ರತಿ ಕೊಡಿರೆಂದು ಕೋರಿದರು. ಆಗ ನಡೆದದ್ದು ಮಾತ್ರ ನಮ್ಮಂಥ ಗುಮಾಸ್ತರನ್ನೂ ಬೆಚ್ಚಿಬೀಳಿಸುವಂಥದು. ನಕ್ಷೆ ತೋರಿಸಬಹುದೇ ಎಂದು ಪ್ರಾಧಿಕಾರವು ಬಿಲ್ಡರನ್ನೇ ಕೇಳಿತು! ಬಿಲ್ಡರು ಕೂಡದೆಂದರು, ನಕ್ಷೆ ಸಿಗಲಿಲ್ಲ. ಕಳ್ಳನ ಮೇಲೆ ದೂರು ಬಂದಾಗ ದಾಖಲಿಸಿಕೊಳ್ಳಲೇ ಎಂದು ಕಳ್ಳನ ಅನುಮತಿ ಕೇಳಿದ ಹಾಗಾಯಿತು. ಕಡತಗಳ ನಡುವೆಯೇ ಬಾಳು ಸವೆಸಿದ ನಾವು ಹಲವು ಬಗೆಯ ಟಿಪ್ಪಣಿಗಳನ್ನು ಕಂಡಿದ್ದೇವೆ, ಇಂಥದನ್ನು ಕಂಡಿರಲಿಲ್ಲ.

ನಿವಾಸಿಗಳ ಸಂಘದ ಮುಂಚೂಣಿಯಲ್ಲಿದ್ದವರಲ್ಲಿ ವಯಸ್ಸಾದವರೂ ನಿವೃತ್ತರೂ ಇದ್ದರು. ಮನೆಮನೆಯಿಂದ ಚಂದಾ ಎತ್ತಿ ವಕೀಲರ ಖರ್ಚು ನಿಭಾಯಿಸಿದರು. 2012ರಲ್ಲಿ ಅಲಹಾಬಾದ್ ಹೈಕೋರ್ಟಿಗೆ ಹೋದರು. 2014ರ ಏಪ್ರಿಲ್ 11ರಂದು ಎರಡೂ ಗೋಪುರಗಳನ್ನು ಕೆಡವಬೇಕೆಂದು ತೀರ್ಪಾಯಿತು. ಕಂಪನಿ ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿತು, ತಡೆಯಾಜ್ಞೆ ಬಂತು. ಅಲ್ಲಿಂದ ಮುಂದೆ ಏಳು ವರ್ಷ ಗೋಪುರಗಳು ಅರ್ಧಂಬರ್ಧ ನಿಂತೇ ಇದ್ದವು.

ಇಲ್ಲೀಗ ಉಡುಪಿಯ ಪ್ರಸ್ತಾಪ. ನೆರೆಯಲ್ಲಿ ಏನು ಕಟ್ಟುತ್ತಾರೆಂದು ಕೇಳುವ ಹಕ್ಕು ನೆರೆಯವನಿಗೆ ಉಂಟೇ? ನಮ್ಮ ಹಿರಿಯರು ಇದನ್ನು ಬೇಲಿ ಜಗಳವೆಂದು ಭಾವಿಸಿ ಪಂಚಾಯಿತಿಯಲ್ಲಿ ಮುಗಿಸುತ್ತಿದ್ದರು. ಕಾನೂನಿನಲ್ಲಿ ಆ ಪ್ರಶ್ನೆ ಎತ್ತಿದವರು ಉಡುಪಿಯ ನಿವಾಸಿಯೊಬ್ಬರು. ನಗರ ಯೋಜನೆಯಲ್ಲಿ ವಾಸದ ಪ್ರದೇಶವೆಂದು ಗುರುತಿಸಿದ್ದ ಕಡೆ ಕಲ್ಯಾಣ ಮಂಟಪ ಮತ್ತು ಉಪನ್ಯಾಸ ಮಂದಿರ ಕಟ್ಟುತ್ತೇವೆಂದು ಪುರಸಭೆಯಿಂದ ಪರವಾನಗಿ ಪಡೆಯಲಾಗಿತ್ತು. ಆಮೇಲೆ ಅದೇ ಕಟ್ಟಡವನ್ನು ಸಿನಿಮಾ ಟಾಕೀಸು ಮಾಡಲು ಹೊರಟಾಗ ಪುರಸಭೆ ಅದಕ್ಕೂ ಠರಾವು ಮಾಡಿಕೊಟ್ಟಿತು. ಮದುವೆಯ ಓಲಗ ವರ್ಷಕ್ಕೆ ಕೆಲವು ದಿನ. ಟಾಕೀಸಿನ ಗದ್ದಲ ದಿನವೂ, ಸರಿರಾತ್ರಿಯವರೆಗೂ. ಹೈಕೋರ್ಟು, ಕಟ್ಟಿಸಿದವರು ಹಣ ಖರ್ಚು ಮಾಡಿಬಿಟ್ಟಿದ್ದಾರೆಂಬ ಕಾರಣಕ್ಕೆ ಠರಾವನ್ನು ರದ್ದು ಮಾಡಲು ಹಿಂಜರಿಯಿತು. ಸುಪ್ರೀಮ್ ಕೋರ್ಟು 1974ರಲ್ಲಿ ಆ ಹಿಂಜರಿಕೆಯನ್ನು ಒಪ್ಪಲಿಲ್ಲ. ವಾಸದ ಬಡಾವಣೆಯಲ್ಲಿ ನಿಯಮ ಮೀರಿ ಟಾಕೀಸು ಎದ್ದರೆ ಅಲ್ಲಿಯ ನಿವಾಸಿಗಳು ತಮ್ಮ ಸ್ವತ್ತನ್ನು ಅನುಭವಿಸುವ ಹಕ್ಕಿಗೇ ಧಕ್ಕೆ. ಯೋಜನೆಯನ್ನು ಪಾಲಿಸುವುದು ಪುರಸಭೆಯ ಕರ್ತವ್ಯ, ಅದನ್ನು ಪಾಲಿಸಿರೆಂದು ಕೇಳುವುದು ನಿವಾಸಿಯ ಹಕ್ಕು ಎಂದಿತು. ಹಣ ಖರ್ಚಾಯಿತೆಂಬುದು ಕಾನೂನಿಗೆ ಉತ್ತರವಲ್ಲ ಎಂಬುದು ಅಂದು ಇತ್ಯರ್ಥವಾದ ದೊಡ್ಡ ಸಂಗತಿ.

ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯವರದೂ ಇಂಥದೇ ಹೋರಾಟ. ಉದ್ಯಾನಕ್ಕೆಂದು ಮೀಸಲಿಟ್ಟ ಜಾಗ 1976ರಲ್ಲಿ ಖಾಸಗಿ ಆಸ್ಪತ್ರೆಯೊಂದಕ್ಕೆ ಮಂಜೂರಾಗಿತ್ತು. ಆಸ್ಪತ್ರೆ ಒಳ್ಳೆಯದೇ ಅಲ್ಲವೇ ಎಂದು ಮೇಲ್ನೋಟಕ್ಕೆ ಅನಿಸುವಂಥ ವಾದ. ಆದರೂ 1991ರಲ್ಲಿ ಸುಪ್ರೀಮ್ ಕೋರ್ಟು ನಿವಾಸಿಗಳ ಪರವಾಗಿಯೇ ನಿಂತಿತು. ಉದ್ಯಾನವು ಬಡಾವಣೆಯವರೆಲ್ಲರ ಸೊತ್ತು, ಮೇಲಿನವರ ಇಚ್ಛೆಯಂತೆ ಕೈ ಬದಲಾಯಿಸುವಂಥದಲ್ಲ ಎಂಬುದು ತೀರ್ಪಿನ ಸಾರ.

2021ರ ಆಗಸ್ಟ್ 31ರಂದು ನ್ಯಾಯಮೂರ್ತಿಗಳಾದ ಧನಂಜಯ ಚಂದ್ರಚೂಡ್ ಮತ್ತು ಎಂ. ಆರ್. ಶಾ ಅವರು ನೋಯಿಡಾ ಮೊಕದ್ದಮೆಯ ತೀರ್ಪು ಕೊಟ್ಟಾಗ, ಅಕ್ರಮ ಕಟ್ಟಡಗಳ ಬಗೆಗಿನ ಹಳೆಯ ತೀರ್ಪುಗಳನ್ನು ನೆನೆಯುವಲ್ಲಿ ಉಡುಪಿಯ ಆ ಮೊಕದ್ದಮೆಯನ್ನೂ ಉಲ್ಲೇಖಿಸಿದರು. ನಲವತ್ತೇಳು ವರ್ಷದ ಹಿಂದೆ ಕರಾವಳಿಯ ಪುಟ್ಟ ಪಟ್ಟಣದ ಟಾಕೀಸಿಗೆ ಎದ್ದ ಆಕ್ಷೇಪ ಯಮುನೆಯ ದಂಡೆಯ ಗೋಪುರಗಳ ವಿರುದ್ಧ ನೆರವಿಗೆ ಬಂತು. ನಮಗೆ ಹೆಮ್ಮೆಯೆನಿಸಿದ್ದನ್ನು ಏಕೆ ಮುಚ್ಚಿಡಬೇಕು!

ಕಂಪನಿಯ ವಾದದಲ್ಲಿ ಒಂದು ಸ್ವಾರಸ್ಯವಿತ್ತು. ಹಳೆಯ ನಿವಾಸಿಗಳ ಒಪ್ಪಿಗೆ ಪಡೆದಿರಾ ಎಂದು ಕೇಳಿದರೆ, ಇದು ಬೇರೆಯದೇ ಹಂತ, ಇದರ ಬಾಗಿಲೇ ಬೇರೆ, ಅವರಿಗೂ ಇದಕ್ಕೂ ಸಂಬಂಧವಿಲ್ಲ ಎಂಬ ಉತ್ತರ. 16 ಮೀಟರು ಏಕೆ ಬಿಡಲಿಲ್ಲ ಎಂದರೆ, ಟಿ-1 ಮತ್ತು ಟಿ-17 ಎರಡೂ ಒಂದೇ ಕಟ್ಟಡ ಸಮೂಹ, ದೂರದ ಪ್ರಶ್ನೆಯೇ ಏಳದು ಎಂಬ ಉತ್ತರ. ನ್ಯಾಯಾಲಯ ಎರಡನ್ನೂ ಒಪ್ಪಲಿಲ್ಲ. ಇನ್ನೊಂದು ಅಂಶವನ್ನೂ ಅದು ಎತ್ತಿ ತೋರಿಸಿತು. ಫ್ಲಾಟು ಕೊಂಡವರಿಗೆ ಕೆಳಗಿನ ನೆಲದಲ್ಲಿ ಅವಿಭಕ್ತ ಪಾಲಿರುತ್ತದೆ. ಆರುನೂರು ಚಿಲ್ಲರೆ ಮನೆಗಳವರ ನಡುವೆ ಹಂಚಿದ್ದ ನೆಲಕ್ಕೆ ಇನ್ನೂ 915 ಪಾಲುದಾರರು ಬಂದರೆ ಮೊದಲಿನವರ ಪಾಲು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಕೂಡುಕುಟುಂಬದ ಆಸ್ತಿಯಲ್ಲಿ ಹಿಸ್ಸೆಯ ಜಗಳ ಕಂಡ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವರನ್ನು ಕೇಳದೆ ನಕ್ಷೆ ಬದಲಿಸುವಂತಿಲ್ಲವೆಂದು ಉತ್ತರ ಪ್ರದೇಶದ 1975ರ ಕಾಯಿದೆಯೂ 2010ರ ಕಾಯಿದೆಯೂ ಹೇಳುತ್ತವೆ.

ಗೋಪುರಗಳನ್ನು ಕಂಪನಿಯ ಖರ್ಚಿನಲ್ಲೇ ಕೆಡವಬೇಕು, ನಿವಾಸಿಗಳ ಸಂಘಕ್ಕೆ ಎರಡು ಕೋಟಿ ರೂಪಾಯಿ ಕೊಡಬೇಕು, ಫ್ಲಾಟು ಕಾದಿರಿಸಿದವರಿಗೆ ಶೇಕಡಾ 12ರ ಬಡ್ಡಿಯೊಡನೆ ಹಣ ಮರಳಿಸಬೇಕು ಎಂದು ಆದೇಶವಾಯಿತು. ಒಂದು ಗೋಪುರದ ಒಂದು ಭಾಗವನ್ನು ಮಾತ್ರ ಕೆಡವಿದರೆ ಸಾಲದೇ ಎಂದು ಕಂಪನಿ ಮತ್ತೊಮ್ಮೆ ಕೇಳಿಕೊಂಡಿತು. ಅಕ್ಟೋಬರಿನಲ್ಲಿ ಅದೂ ತಿರಸ್ಕೃತವಾಯಿತು. ರಾಜ್ಯ ಸರಕಾರ ನೇಮಿಸಿದ ತನಿಖಾ ತಂಡವು ಪ್ರಾಧಿಕಾರದ 26 ಅಧಿಕಾರಿಗಳನ್ನು ಹೆಸರಿಸಿತು. ಅವರಲ್ಲಿ ಇಪ್ಪತ್ತು ಮಂದಿ ಅಷ್ಟರಲ್ಲಿ ನಿವೃತ್ತರಾಗಿದ್ದರು, ಇಬ್ಬರು ತೀರಿಕೊಂಡಿದ್ದರು.

ಗೋಪುರಗಳಲ್ಲಿ ಮನೆ ಕಾದಿರಿಸಿದವರನ್ನು ಮರೆಯುವುದು ನ್ಯಾಯವಲ್ಲ. ಮೊದಲಿಗೆ 633 ಮಂದಿ ಕಾದಿರಿಸಿದ್ದರು. 133 ಮಂದಿ ಬೇರೆ ಯೋಜನೆಗಳಿಗೆ ಹೋದರು, 248 ಮಂದಿ ಹಣ ವಾಪಸು ಪಡೆದರು, 252 ಮಂದಿ ಕೊನೆಯವರೆಗೂ ಉಳಿದರು. ಇವರೂ ನಮ್ಮ ನಿಮ್ಮಂತೆ ಸಂಬಳದಲ್ಲಿ ಉಳಿಸಿದವರು, ಸಾಲದ ಕಂತು ಕಟ್ಟಿದವರು. ಪ್ರಾಧಿಕಾರದ ಮೊಹರು ಬಿದ್ದ ನಕ್ಷೆಯನ್ನು ನಂಬಿದ್ದೇ ಅವರು ಮಾಡಿದ ಕೆಲಸ. 2022ರ ಮಾರ್ಚಿನಲ್ಲಿ ಕಂಪನಿಯ ಮೇಲೆ ದಿವಾಳಿ ಕಾಯಿದೆಯ ಕ್ರಮ ಆರಂಭವಾದಾಗ ಅವರ ಹಣದ ದಾರಿ ಇನ್ನಷ್ಟು ತೊಡಕಾಯಿತು. ಪಕ್ಕದ ಕಟ್ಟಡದವರ ಗೆಲುವು ಇವರ ಪಾಲಿಗೆ ಗೆಲುವಾಗಿರಲಿಲ್ಲ.

ಕೆಡಹುವ ಕೆಲಸವನ್ನು ಮುಂಬಯಿಯ ಒಂದು ಸಂಸ್ಥೆ, ದಕ್ಷಿಣ ಆಫ್ರಿಕದ ತಜ್ಞರ ಜತೆಗೂಡಿ ವಹಿಸಿಕೊಂಡಿತು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನ ಸಂಸ್ಥೆ ಮೇಲ್ವಿಚಾರಣೆಗಿತ್ತು. ಆ ಹೊತ್ತಿಗೆ ಒಂದು ಗೋಪುರ 32 ಮಹಡಿ, ಇನ್ನೊಂದು 29 ಮಹಡಿ ಎದ್ದಿತ್ತು. ದೊಡ್ಡದು ನೂರು ಮೀಟರಿಗೂ ಮೇಲೆ. ಕಂಬಗಳಿಗೆ ಕೊರೆದ ತೂತುಗಳಲ್ಲಿ ಸುಮಾರು 3,700 ಕಿಲೊ ಸಿಡಿಮದ್ದು ತುಂಬಿದರು. ಒಂಬತ್ತೇ ಮೀಟರು ದೂರದಲ್ಲಿದ್ದ ಕಟ್ಟಡಕ್ಕೆ ದಪ್ಪ ಬಟ್ಟೆಯ ಹೊದಿಕೆ ಹೊದಿಸಿದರು. ಭಾನುವಾರ ಬೆಳಗ್ಗೆ ಎಮರಾಲ್ಡ್ ಕೋರ್ಟ್ ಮತ್ತು ಪಕ್ಕದ ಎಟಿಎಸ್ ವಿಲೇಜಿನ ಸುಮಾರು ಐದು ಸಾವಿರ ಜನ ಮನೆ ಬಿಟ್ಟು ಹೊರಟರು. ಬೀದಿನಾಯಿಗಳನ್ನೂ ಸಾಗಿಸಲಾಯಿತು. ಮಧ್ಯಾಹ್ನ ಹೆದ್ದಾರಿಯನ್ನು ಅರ್ಧ ಗಂಟೆ ಮುಚ್ಚಿದರು.

ಧೂಳು ಇಳಿದ ಮೇಲೆ ನೋಡಿದರೆ ಟಿ-1 ನಿಂತೇ ಇತ್ತು. ಎಟಿಎಸ್ ವಿಲೇಜಿನ ಕಾಂಪೌಂಡು ಗೋಡೆ ಹತ್ತು ಮೀಟರಿನಷ್ಟು ಕುಸಿದಿತ್ತು, ಕೆಲವು ಕಿಟಕಿಯ ಗಾಜು ಒಡೆದಿದ್ದವು. ಯಾರಿಗೂ ಏನೂ ಆಗಲಿಲ್ಲ. ಉಳಿದದ್ದು ಸುಮಾರು 80,000 ಟನ್ ಅವಶೇಷ. ಅದರಲ್ಲಿ ಒಂದು ಪಾಲನ್ನು ಆ ಗೋಪುರಗಳದೇ ನೆಲಮಾಳಿಗೆಗಳಿಗೆ ತುಂಬಿದರು. ಉಳಿದದ್ದನ್ನು ಲಾರಿಗಳಲ್ಲಿ ಹೊತ್ತು ಸಾಗಿಸಲು ತಿಂಗಳುಗಳೇ ಹಿಡಿದವು.